ಕೆಂಪುಗುಡ್ಡೆಯ ಕಪ್ಪುಕಲ್ಲು

ಕೆಂಪುಗುಡ್ಡೆ ಎಸ್ಟೇಟ್,
ಬಾಬಾಬುಡನ್‌ಗಿರಿ ತಪ್ಪಲು, ಚಿಕ್ಕಮಗಳೂರು
೪ ಸೆಪ್ಟೆಂಬರ್ ೨೦೨೩

ಪ್ರೀತಿಯ ಮೋನಿಕಾ,

ನನ್ನ ಅಕ್ಷರ ನೋಡಿ ಯಾರೆಂದು ಗೊತ್ತಾಯ್ತಾ? ಗಗನಾ ಮಾರಾಯ್ತಿ! ಏಕಾಂತಪ್ಪನವರ ಮಗಳು, ಒಂಬತ್ತನೇ ಕ್ಲಾಸಿನವರೆಗೆ ನಿನ್ನ ಜೊತೆ ಓದಿದವಳು. ಪೇಪರಿನಲ್ಲಿ ನಿನ್ನ ಫೋಟೋ ನೋಡಿ ಕಾಫಿ ಲೋಟ ಕೈಯಲ್ಲೇ ಉಳಿಯಿತು. ‘ಅಂಡಮಾನಿನ ಜ್ವಾಲಾಮುಖಿ ಕಾಯುವ ಚಿಕ್ಕಮಗಳೂರಿನ ಹುಡುಗಿ’ ಅಂತ ಹಾಕಿದ್ದರು. ನಮ್ಮ ಲೈನಿನಲ್ಲಿ ಬೆಳೆದ ಹುಡುಗಿ ಇಷ್ಟು ದೊಡ್ಡ ವಿಜ್ಞಾನಿ ಆಗಿದ್ದು ನಮಗೆಲ್ಲ ಹೆಮ್ಮೆ. ವಿಳಾಸ ನಮ್ಮ ಸೈನ್ಸ್ ಮೇಷ್ಟ್ರು ಷಡಕ್ಷರಿಯವರ ಹತ್ತಿರ ಸಿಕ್ಕಿತು.

ಅಪ್ಪ ಹೋಗಿ ಎರಡು ವರ್ಷವಾಯಿತು. ತೋಟ ಈಗ ನನ್ನ ತಲೆಯ ಮೇಲಿದೆ. ಕೆಲಸದವರ ಹಳೇ ಲೈನುಮನೆಗಳು ಖಾಲಿ ಬಿದ್ದಿವೆ. ಅವನ್ನು ಒಡೆಸಿ ಹೋಂಸ್ಟೇ ಮಾಡಿ, ಮುಂದೆ ಒಂದು ಈಜುಕೊಳ ಕಟ್ಟಿಸುತ್ತಿದ್ದೇನೆ. ಜೆಸಿಬಿ ಮುಂದಿನ ತಿಂಗಳ ಮೊದಲ ವಾರ ಬರುತ್ತೆ. ಅದಕ್ಕೆ ಮುಂಚೆ ಒಂದು ಗುಂಡಿ ತೋಡಿ ನೋಡಿದರೆ ಏನು ಸಿಕ್ಕಿತು ಗೊತ್ತಾ? ರಾಶಿ ರಾಶಿ ಕಪ್ಪು ಕಲ್ಲು, ಮೈತುಂಬ ತೂತು, ಗಾಜಿನ ಹಾಗೆ ಹೊಳಪು. ಲಾವಾ ಕಣೇ! ನಮ್ಮ ತೋಟ ಹಳೇ ಜ್ವಾಲಾಮುಖಿಯ ಮೇಲಿದೆ.

ಫೆಬ್ರವರಿ ಕೊನೆಗೆ ಹೊರದೇಶದಿಂದ ಕಾಫಿ ಕೊಳ್ಳುವವರು ಬರುತ್ತಿದ್ದಾರೆ. ಜ್ವಾಲಾಮುಖಿ ಮಣ್ಣಿನ ಕಾಫಿ ಅಂದರೆ ಅವರಿಗೆ ಪ್ರಾಣ. ಆದರೆ ವಿಜ್ಞಾನಿಯೊಬ್ಬರು ಬರೆದುಕೊಡಬೇಕಂತೆ. ನೀನಿರುವಾಗ ನಾನು ಬೇರೆಯವರ ಬಾಗಿಲಿಗೆ ಯಾಕೆ ಹೋಗಲಿ? ಒಂದು ಕಲ್ಲು ಪಾರ್ಸಲ್ ಮಾಡಿದ್ದೇನೆ. ನನ್ನ ಫೋನ್ ನಂಬರ್ ಕೆಳಗಿದೆ. ಹಳೇದನ್ನೆಲ್ಲ ನೀನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಕ್ಕಿಲ್ಲ, ಎಲ್ಲಾ ಮಕ್ಕಳಾಟ. ತಂಗಮ್ಮ ಹೇಗಿದ್ದಾಳೆ?

ನಿನ್ನ,
ಗಗನಾ


ಪೋರ್ಟ್‌ಬ್ಲೇರ್
೨೬ ಸೆಪ್ಟೆಂಬರ್ ೨೦೨೩

ಗಗನಾ ಅವರಿಗೆ,

ನಮಸ್ಕಾರ. ಕಾಗದ, ಕಲ್ಲು ಎರಡೂ ತಲುಪಿದವು. ಅಮ್ಮ ನನ್ನ ಜೊತೆಯಲ್ಲೇ ಇದ್ದಾರೆ, ಚೆನ್ನಾಗಿದ್ದಾರೆ.

ನಾನು ಫೋನ್ ಮಾಡುವುದಿಲ್ಲ. ತಿಂಗಳಿಗೆ ಹತ್ತು ದಿನ ಹಡಗಿನಲ್ಲಿರುತ್ತೇನೆ, ಅದೊಂದು ಕಾರಣ. ಇನ್ನೊಂದು ಏನೆಂದರೆ, ಬಾಯಿಮಾತಿಗೆ ಬೆಲೆಯಿಲ್ಲ, ಕಾಗದದ ಮೇಲಿದ್ದದ್ದೇ ನಿಜ ಎಂದು ನನಗೆ ಕಲಿಸಿದ್ದು ನಿಮ್ಮ ಮನೆಯವರೇ. ಹೇಳುವುದೇನಿದ್ದರೂ ನಿಮ್ಮ ಕೈಯಲ್ಲೇ ಬರೆದು ಕಳಿಸಿ. ಅಂಚೆ ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಹದಿನಾರು ವರ್ಷ ಕಾದವಳಿಗೆ ಅದೇನೂ ಹೆಚ್ಚಲ್ಲ.

ಜ್ವಾಲಾಮುಖಿ ಮಣ್ಣು ಎಂದು ಹೇಳಿಕೊಳ್ಳುವ ಮೊದಲು ಜ್ವಾಲಾಮುಖಿ ಹೇಗೆ ಹುಟ್ಟುತ್ತದೆ ಎಂದಾದರೂ ತಿಳಿದಿರಬೇಕಲ್ಲವೇ? ನಾವು ನಿಂತ ನೆಲ ಒಂದೇ ಹಾಸಲ್ಲ, ದೊಡ್ಡ ದೊಡ್ಡ ಚಪ್ಪಡಿಗಳು. ಇಲ್ಲಿ ಅಂಡಮಾನಿನ ಕೆಳಗೆ ನಮ್ಮ ಚಪ್ಪಡಿ ಇನ್ನೊಂದರ ಅಡಿಗೆ ನುಗ್ಗುತ್ತಿದೆ. ಹೋಗುವಾಗ ಸಮುದ್ರದ ನೀರನ್ನೂ ಕಲ್ಲಿನ ಸಂದಿಯಲ್ಲಿ ಹೊತ್ತು ಒಯ್ಯುತ್ತದೆ. ಬೆಲ್ಲದ ಅಚ್ಚಿಗೆ ನಾಲ್ಕು ಹನಿ ನೀರು ಬಿದ್ದರೆ ಬೇಗ ಕರಗುತ್ತದಲ್ಲ, ಹಾಗೆ ಆಳದ ಬಿಸಿಬಂಡೆಗೆ ಆ ನೀರು ತಾಗಿದಾಗ ಅದು ಕರಗುತ್ತದೆ. ಕರಗಿದ್ದು ಹಗುರ, ಮೇಲಕ್ಕೆ ಏರುತ್ತದೆ. ದಾರಿ ಸಿಕ್ಕಿದ ಕಡೆ ಹೊರಬರುತ್ತದೆ. ನಾನು ನೋಡಿಕೊಳ್ಳುವ ಬ್ಯಾರನ್ ದ್ವೀಪ ಹುಟ್ಟಿದ್ದು ಹೀಗೆ. ಅಲ್ಲಿ ಮನುಷ್ಯರಿಲ್ಲ, ಯಾರೋ ಎಂದೋ ಬಿಟ್ಟುಹೋದ ಆಡುಗಳಿವೆ. ಹೊಗೆಯ ಬುಡದಲ್ಲೇ ಮೇಯುತ್ತವೆ.

ಒಂದು ಪ್ರಶ್ನೆ. ಲೈನಿನ ನಲ್ಲಿಯ ಪಕ್ಕದಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿತ್ತು. ಹಸಿರುಗಪ್ಪು ಬಣ್ಣ, ಮೈಮೇಲೆ ಬಿಳಿ ಚುಕ್ಕೆ. ಅದು ಇದೆಯೇ? ಇದ್ದರೆ ಯಾರೂ ಮುಟ್ಟದಂತೆ ಹಾಗೇ ಬಿಡಿಸಿ.

ಇಂತಿ,
ಮೋನಿಕಾ


ಕೆಂಪುಗುಡ್ಡೆ ಎಸ್ಟೇಟ್
೧೭ ಅಕ್ಟೋಬರ್ ೨೦೨೩

ಪ್ರೀತಿಯ ಮೋನಿಕಾ,

‘ಅವರಿಗೆ’ ಏನೇ, ‘ನಮಸ್ಕಾರ’ ಏನೇ! ಜೊತೆಗೆ ಓದಿದವರ ನಡುವೆ ಇದೆಲ್ಲ ಯಾಕೆ? ನಿನ್ನ ಬೆಲ್ಲದ ಪಾಠ ಮಾತ್ರ ಚೆನ್ನಾಗಿತ್ತು, ಬ್ರೋಷರ್‌ಗೆ ಹಾಗೇ ಇಳಿಸಿಕೊಂಡಿದ್ದೇನೆ.

ಒಗೆಯುವ ಕಲ್ಲಾ? ನಿನ್ನ ಕಾಗದ ಹದಿನಾಲ್ಕಕ್ಕೆ ಬಂತು, ಜೆಸಿಬಿ ಮೂರಕ್ಕೇ ಬಂದಿತ್ತು. ಅಯ್ಯೋ, ಆ ಕಲ್ಲಿನ ಕಥೆ ಕೇಳಬೇಡ. ಎರಡು ದಿನ ಬ್ರೇಕರ್ ಹೊಡೆದರೂ ಜಗ್ಗಲಿಲ್ಲ. ಕೊನೆಗೆ ಪುಡಿ ಮಾಡಿ ಈಜುಕೊಳದ ತಳಕ್ಕೆ ತುಂಬಿಸಿ ಮೇಲೆ ಕಾಂಕ್ರೀಟ್ ಹಾಕಿಸಿದೆ. ಬೇಕಿದ್ದರೆ ನಿನಗೆ ಅದಕ್ಕಿಂತ ಒಳ್ಳೇ ಕಲ್ಲು ಕಳಿಸುತ್ತೇನೆ, ತಂಗಮ್ಮನಿಗೆ ಬಟ್ಟೆ ಒಗೆಯಲಿಕ್ಕೆ!

ನಮ್ಮ ಹಳೇ ಕೆಲಸದವಳು ಪಾಪಮ್ಮ ಇದ್ದಾಳಲ್ಲ, ನನ್ನ ಲಾವಾ ನೋಡಿ ‘ಇದು ಕಿಟ್ಟ ಅಲ್ವಾ ಅಮ್ಮಾ’ ಅಂತ ಏನೋ ಗೊಣಗಿದಳು. ಅವಳಿಗೆ ಏನು ಗೊತ್ತು? ಇನ್ನೊಂದು ಸುದ್ದಿ. ನಮ್ಮ ಸ್ಕೂಲಿನ ಅರುಣ್ ಈಗ ನಮ್ಮಲ್ಲೇ ರೈಟರ್. ಹಾಜರಿ ಪುಸ್ತಕ, ಬಟವಾಡೆ, ಎಲ್ಲ ಅವನದೇ. ಅಪ್ಪನೇ ಕರೆದು ಕೆಲಸ ಕೊಟ್ಟಿದ್ದು, ಪಾಪ ಒಂದು ಕಣ್ಣಿಲ್ಲದವನು ಅಂತ. ನಿನ್ನ ಹೆಸರೆತ್ತಿದರೆ ಮಾತ್ರ ಎದ್ದು ಹೋಗುತ್ತಾನೆ. ನಾನು ಸಮಾಧಾನ ಮಾಡುತ್ತಿರುತ್ತೇನೆ.

ಜ್ವಾಲಾಮುಖಿಯಲ್ಲಿ ಬಗೆ ಬಗೆ ಇದೆಯಂತಲ್ಲ, ನಮ್ಮದು ಯಾವುದು ಅಂತ ಅಚ್ಚು ಹಾಕಿಸಲಿ? ಬೇಗ ಬರಿ.

ಗಗನಾ


ಪೋರ್ಟ್‌ಬ್ಲೇರ್
೯ ನವೆಂಬರ್ ೨೦೨೩

ಗಗನಾ ಅವರಿಗೆ,

ಒಗೆಯುವ ಕಲ್ಲಿನ ಸಾಲನ್ನು ನಾಲ್ಕು ಸಲ ಓದಿದೆ. ಹೋಗಲಿ.

ಬಗೆ ಕೇಳಿದ್ದೀರಿ, ಮೂರು ಹೇಳುತ್ತೇನೆ. ಲಾವಾ ತೆಳ್ಳಗಿದ್ದರೆ ಸದ್ದಿಲ್ಲದೆ ಹರಿದು ಅಗಲವಾದ, ತಗ್ಗಾದ ಬೆಟ್ಟ ಕಟ್ಟುತ್ತದೆ. ಅದರಿಂದ ಜನ ನಡೆದೇ ತಪ್ಪಿಸಿಕೊಳ್ಳಬಹುದು. ಕೆಲವು ಕಡೆ ಬೆಟ್ಟವೇ ಇರುವುದಿಲ್ಲ, ನೆಲ ಸೀಳಿ ಬಿರುಕಿನಿಂದ ಸುರಿಯುತ್ತದೆ. ಬೆಳಗಾವಿ, ವಿಜಯಪುರದ ಕರಿನೆಲದ ಕೆಳಗಿನ ಬಂಡೆ ಆರೂವರೆ ಕೋಟಿ ವರ್ಷದ ಹಿಂದೆ ಹಾಗೆ ಸುರಿದದ್ದು. ಮೂರನೆಯದು ಕಡಿದಾದ ಬೆಟ್ಟ, ಒಂದು ಪದರ ಲಾವಾ, ಒಂದು ಪದರ ಬೂದಿ. ಅದರಲ್ಲಿ ಅಂಟಾದ ಲಾವಾ ಗಂಟಲಿಗೆ ಕಟ್ಟಿಕೊಂಡು ಒಳಗಿನ ಅನಿಲ ಹೊರಗೆ ಹೋಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಬೆಟ್ಟ ಸುಮ್ಮನೆ ಕೂತಂತೆ ಕಾಣುತ್ತದೆ. ಬೂದಿಮಣ್ಣು ಫಲವತ್ತು ಎಂದು ಬುಡದಲ್ಲೇ ಕಾಫಿ ಹಾಕುತ್ತಾರೆ, ಮನೆ ಕಟ್ಟುತ್ತಾರೆ. ನಮ್ಮ ಬ್ಯಾರನ್ ದ್ವೀಪ ನೂರೈವತ್ತು ವರ್ಷದ ಹತ್ತಿರ ಬಾಯಿ ಬಿಡಲಿಲ್ಲ. ೧೯೯೧ರಲ್ಲಿ ಬಿಟ್ಟಿತು. ನಾನು ಬಾಯಿ ಮುಚ್ಚಿಕೊಂಡಿದ್ದು ಹದಿನಾರೇ ವರ್ಷ.

ಮಕ್ಕಳಾಟ ಎಂದಿರಿ. ನಿಮಗೆ ಮರೆತಿದ್ದರೆ ನೆನಪಿಸುತ್ತೇನೆ. ೨೦೦೭ರ ಡಿಸೆಂಬರ್, ಸ್ಕೂಲಿನ ವಿಜ್ಞಾನ ಮೇಳ. ನಾನು ಜೇಡಿಮಣ್ಣಿನ ಬೆಟ್ಟ ಮಾಡಿ, ಬಾಯಿಗೆ ಷಡಕ್ಷರಿ ಮೇಷ್ಟ್ರು ಕೊಟ್ಟ ಕಿತ್ತಳೆ ಬಣ್ಣದ ಪುಡಿ ತುಂಬಿದ್ದೆ. ಕಡ್ಡಿ ತಾಗಿಸಿದರೆ ನಾಲ್ಕು ಕಿಡಿ ಹಾರಿ ಹಸಿರು ಬೂದಿ ಸುರಿಯಬೇಕಿತ್ತು, ಅಷ್ಟೇ. ನಾನು ಬಕೆಟ್ಟಿನಲ್ಲಿ ನೀರು ತರಲು ಹೋದಾಗ ಯಾರೋ ಅದರ ಬಾಯಿಗೆ ಲ್ಯಾಬಿನ ಸ್ಪಿರಿಟ್ ಹೊಯ್ದರು. ಕಡ್ಡಿ ಗೀರಿದ್ದು ಅರುಣ್. ಎಡಗಣ್ಣು ಹೋಯಿತು. ನಾನು ನೀರಿಗೆ ಹೊರಟಾಗ ಮೇಜಿನ ಪಕ್ಕ ಇದ್ದದ್ದು ನೀವೊಬ್ಬರೇ.

ಆ ಸಂಜೆ ನಿಮ್ಮಪ್ಪ ನನ್ನನ್ನು ಎಸ್ಟೇಟ್ ಆಫೀಸಿನಲ್ಲಿ ಕೂರಿಸಿ ಒಂದೊಂದೇ ಮಾತು ಹೇಳಿ ಬರೆಸಿದರು: ‘ಬೆಂಕಿ ಜೋರಾಗಿ ಬರಲಿ ಎಂಬ ಆಸೆಯಿಂದ ನಾನೇ ಸ್ಪಿರಿಟ್ ಹೊಯ್ದೆ. ಅರುಣನ ಕಣ್ಣು ಹೋದದ್ದು ನನ್ನಿಂದ. ತಪ್ಪಾಯಿತು.’ ಬರೆಯದಿದ್ದರೆ ಲೈನು ಖಾಲಿ ಮಾಡಿಸುತ್ತೇನೆ ಅಂದರು. ಬರೆದೆ. ಮರುದಿನ ಬೆಳಿಗ್ಗೆ ಮಸ್ಟರ್‌ನಲ್ಲಿ, ಕೆಲಸದವರೆಲ್ಲ ಸಾಲಾಗಿ ನಿಂತು ಹೆಸರು ಕೂಗಿಸಿಕೊಳ್ಳುವ ಹೊತ್ತಿನಲ್ಲಿ, ಅಮ್ಮನನ್ನು ಮುಂದೆ ನಿಲ್ಲಿಸಿ ಅದನ್ನು ಓದಿಸಿದರು. ಅಮ್ಮನಿಗೆ ಓದಲು ಬರುವುದಿಲ್ಲ. ‘ನೋಡು, ನಿನ್ನ ಮಗಳದೇ ಅಕ್ಷರ’ ಎಂದು ಕಾಗದ ಹಿಡಿದು ತೋರಿಸಿದರು. ಆಮೇಲೆ ಲೈನನ್ನೂ ಖಾಲಿ ಮಾಡಿಸಿದರು. ನಾವು ಅಡಿಕೆ ತೋಟಗಳ ಊರಾದ ಸಂಸೆಗೆ ಹೋದೆವು.

ನಿಮಗೆ ನನ್ನಿಂದ ಒಂದು ಕಾಗದ ಬೇಕು. ನನಗೂ ನಿಮ್ಮಿಂದ ಒಂದು ಕಾಗದ ಬೇಕು.

ಮೋನಿಕಾ


ಕೆಂಪುಗುಡ್ಡೆ ಎಸ್ಟೇಟ್
೧ ಡಿಸೆಂಬರ್ ೨೦೨೩

ಮೋನಿಕಾ,

ನಾನು ಸ್ನೇಹದಿಂದ ಬರೆದರೆ ನೀನು ಹಳೇ ಕೆಸರು ಕೆದಕುತ್ತಿದ್ದೀಯ. ಆ ದಿನ ಅಲ್ಲಿ ಎಷ್ಟೋ ಮಕ್ಕಳಿದ್ದರು. ಯಾರು ಏನು ಮಾಡಿದರೋ ಯಾರಿಗೆ ಗೊತ್ತು? ಅಪ್ಪ ನಿನ್ನನ್ನು ಪೊಲೀಸಿನವರೆಗೆ ಹೋಗಲು ಬಿಡಲಿಲ್ಲ, ಅದನ್ನು ನೆನೆಸಿಕೋ. ಸತ್ತವರ ಮೇಲೆ ಈಗ ಗೂಬೆ ಕೂರಿಸಬೇಡ.

ತಂಗಮ್ಮನಿಗೆ ಬೇಕಿದ್ದರೆ ಹೋಂಸ್ಟೇಯಲ್ಲಿ ಕೆಲಸ ಕೊಡುತ್ತೇನೆ, ಕೂತು ಮಾಡುವ ಕೆಲಸ. ಇದಕ್ಕಿಂತ ಹೆಚ್ಚು ಇನ್ನೇನು ಮಾಡಲಿ?

ಬ್ರೋಷರ್ ಎರಡು ಸಾವಿರ ಅಚ್ಚಾಗಿ ಬಂದಿದೆ. ಪ್ರತಿ ಕಾಫಿ ಪೊಟ್ಟಣದ ಜೊತೆ ಒಂದು ಚೂರು ಲಾವಾ ಕಟ್ಟಿಸಿದ್ದೇನೆ. ನಿನ್ನ ಹೆಸರನ್ನೂ ಹಾಕಿಸಿಬಿಟ್ಟೆ, ಬೇಡ ಅನ್ನಲಾರೆ ಅನ್ನುವ ನಂಬಿಕೆಯಿಂದ. ಜನವರಿಯೊಳಗೆ ನಿನ್ನ ಕಾಗದ ಬರದಿದ್ದರೆ ನಿನ್ನ ಆಫೀಸಿನ ಮೇಲಿನವರಿಗೇ ಬರೆಯಬೇಕಾಗುತ್ತದೆ. ನಾನು ಹಾಗೆ ಮಾಡುವ ಹಾಗೆ ಮಾಡಬೇಡ.

ಗಗನಾ


ಪೋರ್ಟ್‌ಬ್ಲೇರ್
೨೦ ಡಿಸೆಂಬರ್ ೨೦೨೩

ಗಗನಾ,

ಇನ್ನು ‘ಅವರು’, ‘ನೀವು’ ಸಾಕು. ಅದು ನಿಮ್ಮ ಲೈನಿನಲ್ಲಿ ಕಲಿತ ಭಯ, ಇವತ್ತಿಗೆ ಬಿಟ್ಟೆ.

ನಿನ್ನ ಕಲ್ಲು ಲಾವಾ ಅಲ್ಲ. ಕಬ್ಬಿಣದ ಕಿಟ್ಟ. ನಿಮ್ಮ ಗುಡ್ಡದಲ್ಲಿ ಕಬ್ಬಿಣದ ಅದಿರಿದೆ. ಹಿಂದೆ ಯಾರೋ ಅಲ್ಲಿ ಇದ್ದಿಲ ಕುಲುಮೆ ಹಾಕಿ ಕಬ್ಬಿಣ ತೆಗೆದು, ಉಳಿದ ಕಸವನ್ನು ರಾಶಿ ಹಾಕಿ ಹೋಗಿದ್ದಾರೆ. ಪಾರ್ಸಲ್ ಬಿಚ್ಚಿದ ದಿನವೇ ಕಲ್ಲನ್ನು ಒಡೆದೆ. ಒಳಗೆ ಮರದ ಇದ್ದಿಲ ಚೂರು, ಕುಲುಮೆಗೆ ಗಾಳಿ ಊದುವ ತಿದಿಕೊಳವೆಯ ಸುಟ್ಟ ಮಣ್ಣು. ಪಾಪಮ್ಮನಿಗೆ ಗೊತ್ತಿತ್ತು. ಆ ಗುಡ್ಡದಲ್ಲಿ ಸೌದೆ ಆರಿಸಿದ ಯಾರಿಗಾದರೂ ಗೊತ್ತಿರುತ್ತದೆ. ನಿನಗೆ ಗೊತ್ತಾಗಲಿಲ್ಲ, ಯಾಕೆಂದರೆ ಕೆಲಸದವರ ಮಾತು ಕೇಳಿ ನಿಮ್ಮ ಮನೆಯಲ್ಲಿ ಅಭ್ಯಾಸವಿಲ್ಲ.

ಮೂರು ತಿಂಗಳು ಬೇಕೆಂದೇ ಹೇಳಲಿಲ್ಲ. ನೀನು ಅಚ್ಚು ಹಾಕಿಸಲಿ, ಊರೆಲ್ಲ ಹೇಳಿಕೊಂಡು ಬರಲಿ ಎಂದು ಕಾದೆ. ಪ್ರತಿ ಸಲ ನಿನ್ನ ಕಾಗದ ಬಂದಾಗ ನನಗೆ ಖುಷಿಯಾಗುತ್ತಿತ್ತು. ಇದನ್ನು ಮುಚ್ಚಿಡುವುದಿಲ್ಲ.

ಜ್ವಾಲಾಮುಖಿಯ ಪರಿಣಾಮ ಏನು ಎಂದು ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ೧೮೧೫ರಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿಯಿತು. ಗಂಧಕದ ಹೊಗೆ ಮೇಲಕ್ಕೇರಿ ಬಿಸಿಲಿಗೆ ಅಡ್ಡ ನಿಂತಿತು. ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಕೊಳೆತು ಜನ ಹಸಿದು ಸತ್ತರು. ಆ ಬೆಟ್ಟದ ಹೆಸರನ್ನೂ ಅವರು ಕೇಳಿರಲಿಲ್ಲ. ನಮ್ಮಪ್ಪ ಕೆಂಪಯ್ಯನೂ ಸ್ಪಿರಿಟ್ ಬಾಟಲಿ ಕಂಡವನಲ್ಲ. ಕಾಫಿ ಕಸಿ ಮಾಡುವುದು ಬಿಟ್ಟರೆ ಬೇರೆ ಕೆಲಸ ಗೊತ್ತಿರಲಿಲ್ಲ. ಸಂಸೆಯಲ್ಲಿ ಅಡಿಕೆ ಮರ ಹತ್ತಲು ಹೋದ, ಅಭ್ಯಾಸವಿಲ್ಲದೆ ಮೂರನೇ ದಿನ ಬಿದ್ದ. ಹಾಸಿಗೆಯಲ್ಲಿ ಒಂದು ವರ್ಷ ಇದ್ದು ಸತ್ತ. ನೀನು ಹೊಯ್ದದ್ದು ಅಲ್ಲಿಯವರೆಗೆ ಹರಿಯಿತು.

ಈಗ ಕೇಳು. ನಿಮ್ಮಪ್ಪ ಬರೆಸಿದ ಆ ಮೂರು ಸಾಲು ನನಗೆ ಬಾಯಿಪಾಠ, ನಿನಗೂ ಬರೆದು ಕಳಿಸಿದ್ದೇನೆ. ಅದನ್ನು ನಿನ್ನ ಹೆಸರಿನಲ್ಲಿ, ನಿನ್ನ ಕೈಯಲ್ಲಿ ಬರೆ. ಮಸ್ಟರ್‌ನಲ್ಲಿ, ಅರುಣನ ಮುಂದೆ ನಿಂತು ಓದು. ಓದಿದರೆ ಕಿಟ್ಟದ ವಿಷಯ ನಮ್ಮಿಬ್ಬರಲ್ಲೇ ಇರುತ್ತದೆ, ನೀನೇ ಬ್ರೋಷರ್ ಸುಟ್ಟುಕೋ. ಇಲ್ಲದಿದ್ದರೆ ನನ್ನ ವರದಿ ಕೊಳ್ಳುವವರಿಗೆ ನೇರವಾಗಿ ಹೋಗುತ್ತದೆ, ಒಡೆದ ಕಲ್ಲಿನ ಫೋಟೋ ಸಮೇತ. ಮೇಲಿನವರಿಗೆ ಧಾರಾಳವಾಗಿ ಬರೆ. ವಿಳಾಸ ಬೇಕಿದ್ದರೆ ಕೊಡುತ್ತೇನೆ.

ಮೋನಿಕಾ


ಕೆಂಪುಗುಡ್ಡೆ ಎಸ್ಟೇಟ್
೮ ಜನವರಿ ೨೦೨೪

ಇಗೋ, ಬರೆದಿದ್ದೇನೆ:

‘ಬೆಂಕಿ ಜೋರಾಗಿ ಬರಲಿ ಎಂಬ ಆಸೆಯಿಂದ ನಾನೇ ಸ್ಪಿರಿಟ್ ಹೊಯ್ದೆ. ಅರುಣನ ಕಣ್ಣು ಹೋದದ್ದು ನನ್ನಿಂದ. ತಪ್ಪಾಯಿತು. ಗಗನಾ.’

ಸಮಾಧಾನವಾಯ್ತಾ? ಮಸ್ಟರ್ ಗಿಸ್ಟರ್ ಆಗುವುದಿಲ್ಲ. ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ಇದನ್ನು ಇಟ್ಟುಕೊಂಡು ನನ್ನನ್ನು ಬಿಟ್ಟುಬಿಡು. ನಿನ್ನಂಥವಳನ್ನು ಸ್ನೇಹಿತೆ ಅಂದುಕೊಂಡಿದ್ದೆನಲ್ಲ, ನನಗೆ ನಾನೇ ಹೊಡೆದುಕೊಳ್ಳಬೇಕು.

ಗಗನಾ


ಪೋರ್ಟ್‌ಬ್ಲೇರ್
೨೨ ಜನವರಿ ೨೦೨೪

ಗಗನಾ,

ನಿನ್ನ ಕಾಗದವನ್ನು ಇದರ ಜೊತೆ ವಾಪಸ್ ಕಳಿಸುತ್ತಿದ್ದೇನೆ.

ಇದನ್ನು ಕೈಯಲ್ಲಿ ಹಿಡಿದಾಗ ಕುಣಿದಾಡುತ್ತೇನೆ ಅಂದುಕೊಂಡಿದ್ದೆ. ಓದಿದರೆ ನಿಮ್ಮಪ್ಪನ ದನಿ ಕೇಳಿಸಿತು. ಹೆಸರು ಮಾತ್ರ ಬೇರೆ. ಹೆದರಿಸಿ ಬರೆಸಿದ ಕಾಗದಕ್ಕೆ ಎಷ್ಟು ಬೆಲೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಇದನ್ನು ಕೇಳಿದ್ದು ನನ್ನ ತಪ್ಪು. ಮೂರು ಸಾಲು ಹೇಳಿಕೊಟ್ಟು ಬರೆಸುವಾಗ ನಾನೂ ಅವರ ಕುರ್ಚಿಯಲ್ಲೇ ಕೂತಿದ್ದೆ.

ನಿನ್ನ ಮಾತಿನಲ್ಲಿ ಬರೆ. ಏನು ನಡೆಯಿತೋ ಅದನ್ನು. ಬರೆದರೂ ಬರೆಯದಿದ್ದರೂ ಕೊಳ್ಳುವವರಿಗೆ ನಾನೇನೂ ಕಳಿಸುವುದಿಲ್ಲ. ಸಿಟ್ಟು ಕಡಿಮೆಯಾಗಿದೆ ಎಂದುಕೊಳ್ಳಬೇಡ. ಹೆದರಿ ಬರೆದೆ ಎಂದು ಹೇಳಿಕೊಳ್ಳುವ ದಾರಿಯನ್ನು ನಿನಗೆ ಬಿಡಬಾರದು ಅಂತ, ಅಷ್ಟೇ.

ಮೋನಿಕಾ


ಕೆಂಪುಗುಡ್ಡೆ ಎಸ್ಟೇಟ್
೧೧ ಫೆಬ್ರವರಿ ೨೦೨೪

ಮೋನಿಕಾ,

ನಾಲ್ಕು ದಿನ ನಿನ್ನ ಕಾಗದಕ್ಕೆ ಬೈದುಕೊಂಡು ಓಡಾಡಿದೆ. ಐದನೇ ದಿನ ಬರೆಯಲು ಕೂತೆ.

ಬೆಂಕಿ ಜೋರಾಗಲಿ ಅಂತ ನಾನು ಹೊಯ್ಯಲಿಲ್ಲ. ನಿನ್ನ ಬೆಟ್ಟ ಹೊತ್ತಿಕೊಳ್ಳದೇ ಇರಲಿ ಅಂತ ಹೊಯ್ದೆ. ಬಹುಮಾನ ನಿನಗೇ ಅಂತ ಎಲ್ಲರೂ ಹೇಳುತ್ತಿದ್ದರು. ನನ್ನ ಥರ್ಮಾಕೋಲ್ ಸೌರಮಂಡಲವನ್ನು ಯಾರೂ ನಿಂತು ನೋಡಲಿಲ್ಲ. ಲೈನಿನ ಹುಡುಗಿಗೆ ಬಹುಮಾನ ಬಂದರೆ ಅಪ್ಪನಿಗೆ ಏನು ಹೇಳಲಿ ಅನ್ನಿಸಿತು. ಪುಡಿ ಒದ್ದೆಯಾಗಲಿ, ಅದು ಹೊತ್ತಿಕೊಳ್ಳದೆ ಎಲ್ಲರೂ ನಗಲಿ ಅಂತ ಪಕ್ಕದ ಮೇಜಿನ ಬಾಟಲಿ ಎತ್ತಿ ಸುರಿದೆ. ನೀರು ಅಂದುಕೊಂಡಿದ್ದೆ. ಕೈಗೆ ತಣ್ಣಗೆ ತಾಗಿ ವಾಸನೆ ಬಂದಾಗ ಗೊತ್ತಾಯಿತು. ಅಷ್ಟರಲ್ಲಿ ಅರುಣ್ ಕಡ್ಡಿಪೆಟ್ಟಿಗೆ ತೆಗೆದಿದ್ದ. ಎರಡು ಹೆಜ್ಜೆ ದೂರದಲ್ಲಿದ್ದೆ. ‘ಬೇಡ’ ಅನ್ನಬಹುದಿತ್ತು. ಅಂದರೆ ಸುರಿದದ್ದು ನಾನು ಅಂತ ಗೊತ್ತಾಗುತ್ತಿತ್ತು. ಅನ್ನಲಿಲ್ಲ.

ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ಅವರು ‘ಊಟ ಮಾಡು’ ಅಂದರು. ಆಮೇಲೆ ಆಫೀಸಿಗೆ ಹೋಗಿ ನಿನ್ನನ್ನು ಕರೆಸಿದರು.

ಇದನ್ನು ನಿನ್ನೆ ಬೆಳಿಗ್ಗೆ ಮಸ್ಟರ್‌ನಲ್ಲಿ ಓದಿದೆ. ನಲವತ್ತೊಂದು ಜನ ಇದ್ದರು. ಓದಿ ಮುಗಿದಾಗ ಪಾಪಮ್ಮ ಒಬ್ಬಳೇ ‘ಇಷ್ಟು ವರ್ಷ ಬೇಕಾಯ್ತಾ ಅಮ್ಮಾ?’ ಅಂದಳು. ಅರುಣ್ ನನ್ನ ಕಡೆ ನೋಡಲೇ ಇಲ್ಲ. ಹಾಜರಿ ಪುಸ್ತಕ ತೆರೆದು ದಿನದ ಹಾಗೆ ಹೆಸರು ಕೂಗಲು ಶುರು ಮಾಡಿದ. ಮೊದಲನೇ ಹೆಸರು ತಂಗಮ್ಮ. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದ. ಆಮೇಲೆ ಕೆಂಪಯ್ಯ ಅಂತ ಕೂಗಿದ. ಪುಸ್ತಕವನ್ನು ನನ್ನ ಕೈಗೆ ಕೊಟ್ಟು ಗೇಟು ದಾಟಿ ಹೋದ. ಇವತ್ತೂ ಬಂದಿಲ್ಲ.

ಬ್ರೋಷರ್‌ಗಳನ್ನು ಕಾಫಿ ಒಣಗಿಸುವ ಡ್ರೈಯರಿನ ಒಲೆಗೆ ಹಾಕಿಸಿದೆ. ನಿಮ್ಮ ಅಮ್ಮನವರಿಗೆ ಇದನ್ನು ಓದಿ ಹೇಳಿ. ಕ್ಷಮಿಸಿ ಅಂತ ಕೇಳುವ ಮುಖ ನನಗಿಲ್ಲ.

ಗಗನಾ


ಪೋರ್ಟ್‌ಬ್ಲೇರ್
೩ ಮಾರ್ಚ್ ೨೦೨೪

ಗಗನಾ,

ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮೀನು ಹಚ್ಚುತ್ತಾ ಕೂತಿದ್ದಳು. ಮಸ್ಟರ್ ಅಂದ ಕೂಡಲೇ ಕತ್ತಿ ಬಿಟ್ಟು ಎದ್ದು ನಿಂತಳು. ಅರುಣ್ ತಂಗಮ್ಮ ಅಂತ ಕೂಗಿದ ಸಾಲಿಗೆ ಬಂದಾಗ ‘ಓ’ ಅಂದಳು, ಜೋರಾಗಿ, ತೋಟದಲ್ಲಿ ಅನ್ನುತ್ತಿದ್ದ ಹಾಗೆ. ಆಮೇಲೆ ಇನ್ನೆರಡು ಸಲ ಓದಿಸಿದಳು. ಅಮ್ಮ ನಿನ್ನನ್ನು ಕ್ಷಮಿಸಿದ್ದಾಳೆ. ನಾನು ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ.

ನಿನಗೊಂದು ವಿಷಯ ಹೇಳುವುದು ಬಾಕಿಯಿದೆ. ಕೊನೆಗೆ ಹೇಳೋಣ, ಚೆನ್ನಾಗಿ ಉರಿಯಲಿ ಎಂದು ಇಟ್ಟುಕೊಂಡಿದ್ದೆ. ನಿನ್ನ ತೋಟದಲ್ಲಿ ಲಾವಾ ಇತ್ತು. ನಲ್ಲಿಯ ಪಕ್ಕದ ಒಗೆಯುವ ಕಲ್ಲು. ಸುಮಾರು ಇನ್ನೂರೆಂಬತ್ತು ಕೋಟಿ ವರ್ಷದ ಹಿಂದೆ ಅಲ್ಲಿ ಹರಿದ ಲಾವಾ ಅದು. ಆ ಬಿಳಿ ಚುಕ್ಕೆಗಳು ಹರಿಯುವಾಗ ಒಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆಗಳು, ಆಮೇಲೆ ಖನಿಜ ತುಂಬಿ ಬೆಳ್ಳಗಾದವು. ಲೈನು ಬಿಡುವ ದಿನ ಅದರ ಅಂಚಿನ ಒಂದು ಚಕ್ಕೆಯನ್ನು ಎತ್ತಿಕೊಂಡು ಬಂದಿದ್ದೆ. ಎಂಎಸ್ಸಿ ಓದುವಾಗ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದಾಗ ತಿಳಿಯಿತು. ಆ ಕಲ್ಲು ಉಳಿದಿದ್ದರೆ ನಾನು ಬಯಸಲಿ ಬಿಡಲಿ, ನಿನಗೆ ಸಹಿ ಹಾಕಿ ಕೊಡಲೇಬೇಕಾಗುತ್ತಿತ್ತು. ನೀನು ಅದನ್ನೇ ಎರಡು ದಿನ ಹೊಡೆಸಿ ಪುಡಿ ಮಾಡಿಸಿದೆ. ನಿನ್ನ ಈಜುಕೊಳದಲ್ಲಿ ನೀರು ತುಂಬಿಸಿದಾಗಲೆಲ್ಲ ಇದು ನೆನಪಾಗಲಿ.

ಇಲ್ಲಿಗೆ ಮುಗಿಸಬೇಕಿತ್ತು. ಆದರೆ ನಿನ್ನ ಮೊದಲ ಕಾಗದ ನನ್ನ ಮುಂದೆಯೇ ಇದೆ. ಜೆಸಿಬಿ ಯಾವ ವಾರ ಬರುತ್ತದೆ ಎಂದು ಅದರಲ್ಲಿ ಬರೆದಿದ್ದೆ. ಫೋನ್ ನಂಬರೂ ಕೊಟ್ಟಿದ್ದೆ. ನಾನು ಉತ್ತರ ಬರೆದ ದಿನಕ್ಕೆ ಇನ್ನೂ ಏಳು ದಿನ ಇತ್ತು. ಒಂದು ಫೋನ್ ಮಾಡಿದ್ದರೆ ಕಲ್ಲು ಉಳಿಯುತ್ತಿತ್ತು. ನಿನ್ನ ಕೈಬರಹ ಸಿಗಲಿ ಎಂಬ ಹಟಕ್ಕೆ ನಾನು ಅಂಚೆಗೆ ಹಾಕಿದೆ.

ಅಮ್ಮನಿಗೆ ಈಗ ಊರಿಗೆ ಹೋಗುವ ಆಸೆ ಬಂದಿದೆ. ಇನ್ನು ತಲೆಯೆತ್ತಿ ಹೋಗಬಹುದಲ್ಲ ಅನ್ನುತ್ತಾಳೆ. ಬೇರೆ ಯಾರ ಮನೆಗೂ ಬೇಡವಂತೆ. ಲೈನಿನ ಹತ್ತಿರ ಹೋಗಿ, ಅಪ್ಪ ಕೆಲಸ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದ ಆ ಒಗೆಯುವ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತು ಬರಬೇಕಂತೆ. ಏಪ್ರಿಲ್‌ಗೆ ಟಿಕೆಟ್ ಮಾಡಿಸು ಅಂತ ದಿನಾ ಕೇಳುತ್ತಿದ್ದಾಳೆ.

ಕಲ್ಲು ಇಲ್ಲ ಎಂದು ಅವಳಿಗೆ ನಾನಿನ್ನೂ ಹೇಳಿಲ್ಲ.

ಮೋನಿಕಾ